ಭುಜಕ್ಕೆ ಒಗ್ಗುವ ಅಗ್ಗದ ಕೋವಿ

ನನ್ನ ಬಲಭುಜವನ್ನು ಬಿಚ್ಚಿ ಹೊಲಿದ ಡಾಕ್ಟರಿಗೆ ಬಾತುಬೇಟೆಯ ಗಂಧಗಾಳಿ ಇರಲಿಲ್ಲ. ಇದ್ದಿದ್ದರೆ ಆ ಮಾತನ್ನು ಪೆನ್ನಿನ ಮುಚ್ಚಳ ಹಾಕುತ್ತ ಅಷ್ಟು ಸಲೀಸಾಗಿ ಹೇಳುತ್ತಿರಲಿಲ್ಲ.

"ಪೆಟಸ್ ಅವರೇ, ಕತ್ತರಿ ಹಿಡೀಬಹುದು, ಕೋವಿನೂ ಹಿಡೀಬಹುದು. ಆದ್ರೆ ನಿಮ್ಮ ಆ ಹಳೇ ಪಂಪು ಕೋವಿ ಬೇಡ. ಅದು ಒದೆಯೋ ರಭಸಕ್ಕೆ ನಾನು ಹೊಲಿದದ್ದೆಲ್ಲ ಕಿತ್ತು ಬರುತ್ತೆ. ಒದೆ ಕಮ್ಮಿ ಇರೋ ಸೆಮಿ ಆಟೋಮ್ಯಾಟಿಕ್ ಒಂದು ತಗೊಳ್ಳಿ. ಈಗ ಅಗ್ಗಕ್ಕೂ ಸಿಗುತ್ತೆ ಅಂತ ನನ್ನ ಅಳಿಯ ಹೇಳ್ತಿದ್ದ."

ಅವರ ಮಟ್ಟಿಗೆ ಅದೊಂದು ಸಲಹೆ. ನನ್ನ ಮಟ್ಟಿಗೆ, ಅರವತ್ತು ದಾಟಿದ ವಯಸ್ಸಿನಲ್ಲಿ ಮತಾಂತರವಾಗು ಎಂದ ಹಾಗಿತ್ತು.

ನಾನು ವರ್ಲನ್ ಪೆಟಸ್. ಆರ್ಕನ್ಸಾ ರಾಜ್ಯದ ಟಲ್ಲಿ ಬೆಂಡ್ ಎಂಬ ಊರಿನಲ್ಲಿ ಕ್ಷೌರದಂಗಡಿ ಇಟ್ಟುಕೊಂಡಿದ್ದೇನೆ. ನಮ್ಮ ಕಡೆ ಭತ್ತದ ಕೊಯ್ಲಾದ ಮೇಲೆ ಗದ್ದೆಗಳಿಗೆ ನೀರು ಕಟ್ಟುತ್ತಾರೆ. ಉದುರಿದ ಕಾಳಿನ ಆಸೆಗೆ ಉತ್ತರದಿಂದ ಕಾಡುಬಾತುಗಳು ಇಳಿಯುತ್ತವೆ, ಬಾತುಗಳ ಆಸೆಗೆ ಊರಿನ ಗಂಡಸರು ಇಳಿಯುತ್ತಾರೆ. ಆ ಎರಡು ತಿಂಗಳಲ್ಲಿ ಯಾರಾದರೂ ಮದುವೆ ಇಟ್ಟುಕೊಂಡರೆ ಮದುಮಗನೇ ಬರುವುದು ಅನುಮಾನ.

ಪಂಪು ಕೋವಿ ಎಂದರೆ, ಒಂದು ಈಡು ಹೊಡೆದ ಮೇಲೆ ನಳಿಗೆಯ ಕೆಳಗಿನ ಹಿಡಿಯನ್ನು ಎಡಗೈಯಿಂದ ಹಿಂದಕ್ಕೆಳೆದು ಮುಂದಕ್ಕೆ ತಳ್ಳಬೇಕು. ಚಕ್ ಚಕ್ ಎಂದು ಖಾಲಿ ತೋಟೆ ಆಚೆ ಹಾರಿ ಹೊಸದು ಒಳಗೆ ಬರುತ್ತದೆ. ಸೆಮಿ ಆಟೋಮ್ಯಾಟಿಕ್‌ನಲ್ಲಿ ಈ ಕೆಲಸವನ್ನು ಕೋವಿ ತಾನೇ ಮಾಡಿಕೊಳ್ಳುತ್ತದೆ, ಮನುಷ್ಯ ಬೆರಳಾಡಿಸಿದರೆ ಸಾಕು. ಇಷ್ಟು ಸಣ್ಣ ವ್ಯತ್ಯಾಸದ ಮೇಲೆ ನಾನು ಒಂದು ದೊಡ್ಡ ಧರ್ಮವನ್ನೇ ಕಟ್ಟಿ ನಿಲ್ಲಿಸಿದ್ದೆ. ನನ್ನ ಕುರ್ಚಿಯಲ್ಲಿ ಕೂತು ಕೊರಳಿಗೆ ಬಟ್ಟೆ ಕಟ್ಟಿಸಿಕೊಂಡ ಯಾರೂ ಎದ್ದು ಓಡುವ ಹಾಗಿರಲಿಲ್ಲವಾದ್ದರಿಂದ ಊರಿಗೆ ಊರೇ ನನ್ನ ಪ್ರವಚನ ಕೇಳಿತ್ತು. ಬಾತಿಗೂ ಬೇಟೆಗಾರನಿಗೂ ನಡುವೆ ನ್ಯಾಯ ಇರಬೇಕು. ತಾನೇ ತುಂಬಿಕೊಳ್ಳುವ ಕೋವಿ ಸೋಮಾರಿಗಳದು. ಬರುವ ವರ್ಷ ಅದು ತಾನೇ ಗುರಿಯಿಟ್ಟುಕೊಂಡು ಹೊಡೆದು, ನಮ್ಮನ್ನು ಮನೆಯಲ್ಲೇ ಬಿಟ್ಟು ಗದ್ದೆಗೆ ಹೋಗುತ್ತದೆ. ಇತ್ಯಾದಿ.

ಈ ಪ್ರವಚನದ ಮುಖ್ಯ ಬಲಿಪಶುಗಳು ನನ್ನ ಇಬ್ಬರು ಬೇಟೆ ಗೆಳೆಯರು. ಟ್ರುಯಿಟ್ ಬೋಹ್ಯಾನನ್ ಭತ್ತದ ರೈತ. ನಾವು ಕೂರುವ ಗದ್ದೆ, ಗದ್ದೆಯ ಬದುವಿನಲ್ಲಿ ತೋಡಿ ಹುಲ್ಲು ಹೊದಿಸಿದ ಮರೆಗುಂಡಿ, ಹೊಡೆದ ಬಾತು ಹೆಕ್ಕಿ ತರುವ ಡಂಪ್ಲಿಂಗ್ ಎಂಬ ಕಪ್ಪು ನಾಯಿ, ಎಲ್ಲ ಅವನವೇ. ಇನ್ನೊಬ್ಬ ಡೆಲ್ಮರ್ ಸ್ಪೈವಿ, ಬೆಳೆವಿಮೆ ಮಾಡಿಸುತ್ತಿದ್ದವನು, ಈಗ ನಿವೃತ್ತ. ಇಬ್ಬರ ಬಳಿಯೂ ಸೆಮಿ ಆಟೋಮ್ಯಾಟಿಕ್ ಇದ್ದವು. ಇಬ್ಬರೂ ನನಗಿಂತ ಹೆಚ್ಚು ಬಾತು ಹೊಡೆಯುತ್ತಿದ್ದರು. ಅದು ಕೋವಿಯ ಅಧರ್ಮದಿಂದ ಎಂದು ನಾನು ವಿವರಿಸುತ್ತಿದ್ದೆ.

ಹಾಗಿರುವಾಗ ಅವರ ಮುಂದೆ ಹೋಗಿ, ನನಗೂ ನಿಮ್ಮಂಥದೇ ಒಂದು ಬೇಕು ಎನ್ನುವುದು ಹೇಗೆ?

ಇದರ ಹಿಂದೆ ಇನ್ನೊಂದು ಅಳುಕೂ ಇತ್ತು. ನಮ್ಮ ಮರೆಗುಂಡಿಯಲ್ಲಿ ಮೊದಲು ನಾಲ್ಕು ಜನ ಕೂರುತ್ತಿದ್ದೆವು. ನಾಲ್ಕನೆಯವನು ಗಾರ್ಲಂಡ್. ಅವನ ಕಣ್ಣು ಮಂಜಾಗಿ ಒಂದು ವರ್ಷ ಬರಲಿಲ್ಲ. ಮರುವರ್ಷ ನೋಡಿದರೆ ಬೆಂಚಿನ ಮೇಲೆ ಅವನು ಕೂರುತ್ತಿದ್ದ ಜಾಗದಲ್ಲಿ ಡೆಲ್ಮರನ ಗ್ಯಾಸ್ ಒಲೆ ಕೂತಿತ್ತು. ಯಾರೂ ಏನೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ, ಆ ಒಲೆಯ ಮೇಲೆ ಕಾಯಿಸಿದ ಕಾಫಿ ಕುಡಿದೆ. ನನ್ನ ಭುಜದ ಸುದ್ದಿ ತಿಳಿದರೆ ನನ್ನ ಜಾಗಕ್ಕೂ ಏನಾದರೊಂದು ಪಾತ್ರೆ ಬಂದು ಕೂರಬಹುದು ಅನ್ನಿಸುತ್ತಿತ್ತು. ಹಾಗಾಗಿ ಆಪರೇಷನ್ ಆದಾಗ ಕೆಲಸದ ಆಯಾಸಕ್ಕೆ ರಜೆ ಹಾಕಿದ್ದೇನೆ ಎಂದು ಅಂಗಡಿಗೆ ಬೀಗ ಹಾಕಿದ್ದೆ.

ಬೇಟೆಯ ಕಾಲ ಹತ್ತಿರ ಬಂದ ಹಾಗೆ ವಿಚಾರಣೆ ಶುರು ಮಾಡಿದೆ. ಕೇಳಬೇಕು, ಆದರೆ ನನಗೆಂದು ಕೇಳಬಾರದು. ಆಗ ನೆನಪಾದವನು ಕ್ಲೋವಿಸ್. ನನ್ನ ಹೆಂಡತಿ ಇಮೋಜೀನಳ ತಮ್ಮ, ಟುಲ್ಸಾದಲ್ಲಿ ಹಲ್ಲಿನ ಡಾಕ್ಟರು. ಪುಕ್ಕದ ದಿಂಬು ಕಂಡರೂ ಸೀನುವ ಆಸಾಮಿ.

"ನನ್ನ ಭಾವಮೈದನಿಗೆ ಬಾತುಬೇಟೆಯ ಹುಚ್ಚು ಹಿಡಿದಿದೆ. ಅಗ್ಗದ ಸೆಮಿ ಆಟೋಮ್ಯಾಟಿಕ್ ಯಾವುದಿದೆ ಅಂತ ಕೇಳ್ತಾನೆ. ನಂಗೆಲ್ಲಿ ಗೊತ್ತಿರುತ್ತೆ ಹೇಳಿ," ಎಂದೆ, ಅಂಚೆ ಹಂಚುವ ಹಾಯ್ಟ್‌ನ ಕಿವಿಯ ಹಿಂದೆ ಕತ್ತರಿ ಆಡಿಸುತ್ತ.

ಹಾಯ್ಟ್ ಕನ್ನಡಿಯಲ್ಲಿ ನನ್ನ ಮುಖ ನೋಡಿದ. "ನಿನ್ನ ಬಾಯಲ್ಲಿ ಈ ಮಾತಾ? ಸರಿ ಬರ್ಕೋ. ಅವುಗಳಲ್ಲಿ ಎರಡು ಜಾತಿ. ಒಂದು, ಮದ್ದಿನ ಹೊಗೆ ಒತ್ತಡದಿಂದ ನಡೆಯೋದು. ಭಾರ ಜಾಸ್ತಿ, ಆದ್ರೆ ಆ ಹೊಗೆನೇ ಅರ್ಧ ಒದೆ ತಿಂದ್ಬಿಡುತ್ತೆ. ಭುಜಕ್ಕೆ ದಿಂಬು ಒತ್ತಿದ ಹಾಗೆ. ಮಸಿ ಕಟ್ಟುತ್ತೆ, ಆಗಾಗ ಬಿಚ್ಚಿ ಒರೆಸ್ಬೇಕು ಅಷ್ಟೆ."

ಸರದಿಗೆ ಕಾಯುತ್ತಿದ್ದ ನಮ್ಮ ಚರ್ಚಿನ ಪಾದ್ರಿ ಗ್ಯಾರೆಟ್ ಪತ್ರಿಕೆ ಕೆಳಗಿಟ್ಟರು. "ಆ ಮಸಿ ತಿಕ್ಕೋಕೆ ಯಾರಿಗಪ್ಪ ಪುರುಸೊತ್ತು? ಇನ್ನೊಂದು ಜಾತಿ ಹೇಳು ಹಾಯ್ಟ್. ಹಿಂದಕ್ಕೆ ಒದೆಯೋ ಬಲದಲ್ಲೇ ಒಳಗಿನ ಸ್ಪ್ರಿಂಗು ಅಮುಕಿ ನಡೆಯೋದು. ಹಗೂರ, ಕೆಸರಾದ್ರೂ ನಿಲ್ಲಲ್ಲ, ಮಸಿ ಇಲ್ಲ. ನಂದು ಅದೇ."

"ನಿಮ್ಮದು ಕತ್ತೆ ಒದ್ದಂಗೆ ಒದೆಯುತ್ತೆ, ಪಾಸ್ಟರ್."

"ಒದೆಯುತ್ತೆ, ಇಲ್ಲ ಅನ್ನಲ್ಲ. ಭುಜ ಗಟ್ಟಿ ಇದ್ದೋರಿಗೆ ಅದೇನು ದೊಡ್ಡದಲ್ಲ."

ವಾದ ಏರಿತು. ಅಗ್ಗದ್ದರಲ್ಲಿ ಟರ್ಕಿ ದೇಶದಿಂದ ಬರುವವು ಪರವಾಗಿಲ್ಲ ಎಂದು ಒಬ್ಬರು, ಹೊಸ ಅಗ್ಗದ್ದಕ್ಕಿಂತ ಹಳೆಯ ಒಳ್ಳೆಯದು ಮೇಲು ಎಂದು ಇನ್ನೊಬ್ಬರು. ನಾನು ಇಬ್ಬರ ಮಾತನ್ನೂ ಎಷ್ಟು ಶ್ರದ್ಧೆಯಿಂದ ಕೇಳಿದೆನೆಂದರೆ, ಹಾಯ್ಟ್‌ನ ಎಡಗಡೆ ಕೂದಲು ಬಲಗಡೆಗಿಂತ ಎರಡು ಬೆರಳು ಮೇಲೆ ಹೋಯಿತು. ಸರಿಮಾಡಲು ಹೋಗಿ ಬಲಗಡೆ ಇನ್ನೂ ಮೇಲೆ ಹೋಯಿತು. ಕೊನೆಗೆ ಅವನು ಸೇನೆಗೆ ಸೇರಿದವನ ಹಾಗೆ ಎದ್ದು ಹೋದ. ಅವನಿಂದ ಕಾಸು ತೆಗೆದುಕೊಳ್ಳಲಿಲ್ಲ.

ಒಟ್ಟಿನಲ್ಲಿ ಮಸಿಯಾಗುವ ಭಾರದ ಕೋವಿಯೇ ನನ್ನ ಭುಜಕ್ಕೆ ಸರಿ ಎಂಬುದು ಒಂದೇ ದಿನದಲ್ಲಿ ಸ್ಪಷ್ಟವಾಗಿತ್ತು. ಕತೆಯಲ್ಲಿ ಮುಂದೆ ನಾನು ಮಾಡಿದ್ದನ್ನು ಓದುವಾಗ ಇದನ್ನು ಮರೆಯಬೇಡಿ. ನನಗೆ ಗೊತ್ತಿರಲಿಲ್ಲ ಎನ್ನಲು ಜಾಗವೇ ಇಲ್ಲ.

ನಮ್ಮೂರ ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ, ಬಣ್ಣ, ಕೋಳಿ ಆಹಾರದ ಜೊತೆ ಕೋವಿಗಳನ್ನೂ ಮಾರುತ್ತಾರೆ. ಆ ಕೌಂಟರನ್ನು ನೋಡಿಕೊಳ್ಳುವವಳು ಮಾರ್ವೆಲಾ ಸ್ಟೈಲ್ಸ್. ಅವಳ ಅಪ್ಪ, ಅಣ್ಣಂದಿರು, ಗಂಡ ಎಲ್ಲರ ತಲೆಯೂ ನನ್ನ ಕೈಯಲ್ಲಿ ಹಾದುಹೋದವೇ. ಅಂಗಡಿ ಖಾಲಿಯಿರಲಿ ಎಂದು ಮಧ್ಯಾಹ್ನ ಊಟದ ಹೊತ್ತಿಗೆ ಹೋದೆ. ಕೋಳಿ ಆಹಾರದ ಮೂಟೆಗಳ ಹಿಂದೆ ಹಾಯ್ಟ್ ಕಾಗದದ ಕಟ್ಟು ಹಿಡಿದು ನಿಂತಿದ್ದ. ತಲೆಗೆ ಟೋಪಿ ಹಾಕಿಕೊಂಡಿದ್ದ.

ಮಾರ್ವೆಲಾ ಗೋಡೆಯಿಂದ ಒಂದು ಕೋವಿ ಇಳಿಸಿ, ತೋಟೆ ಇಲ್ಲವೆಂದು ತೆರೆದು ತೋರಿಸಿ, ನನ್ನ ಕೈಗಿತ್ತಳು. ಭಾರದ ಜಾತಿ, ಬೆಲೆಯೂ ನನ್ನ ಅಳತೆಯದೇ. "ಸೆಮಿ ಆಟೋಮ್ಯಾಟಿಕ್ಕು, ಮಿಸ್ಟರ್ ವರ್ಲನ್. ನಿಮ್ಮ ಕೈಯಲ್ಲಿ ನೋಡ್ತಿದ್ರೆ ಪಾದ್ರಿ ಕೈಯಲ್ಲಿ ವಿಸ್ಕಿ ಬಾಟ್ಲಿ ನೋಡ್ದಂಗಾಗ್ತಿದೆ."

"ನಂಗಲ್ಲಮ್ಮ. ಕ್ಲೋವಿಸ್‌ಗೆ."

"ಓ. ಕೊಡುಗೆನಾ?"

ಅಷ್ಟಕ್ಕೇ ಹೌದು ಎಂದಿದ್ದರೆ ಮುಗಿದಿತ್ತು. ಆದರೆ ಸುಳ್ಳಿಗೆ ಕೈಕಾಲು ಮೂಡಿಸುವ ಹುರುಪಿನಲ್ಲಿದ್ದೆ. "ಕೊಡುಗೆ ಎಲ್ಲಿಂದ ಬಂತು, ನನ್ನ ಸಂಪಾದನೇಲಿ? ದುಡ್ಡು ಅವನೇ ಕೊಟ್ಟಿದಾನೆ. ಅವನ ಪರವಾಗಿ ನಾನು ತಗೊಳ್ತಿರೋದು ಅಷ್ಟೆ."

ಮಾರ್ವೆಲಾ ನನ್ನ ಕೈಯಿಂದ ಕೋವಿಯನ್ನು ಮೆಲ್ಲಗೆ ವಾಪಸ್ ತೆಗೆದುಕೊಂಡಳು. "ಹಾಗಾದ್ರೆ ನಾನು ಕೊಡೋ ಹಾಗಿಲ್ಲ. ಬೇರೆಯವರ ದುಡ್ಡು ತಂದು, ಅವರ ಪರವಾಗಿ ನಮ್ಮ ಹೆಸರಲ್ಲಿ ಕೋವಿ ತಗೊಳ್ಳೋದು ಅಪರಾಧ. ಅದಕ್ಕೆ ಜೈಲಿದೆ, ಮಿಸ್ಟರ್ ವರ್ಲನ್. ನಿಮಗೂ, ನಂಗೂ."

"ಹಾಗಾದ್ರೆ ನಂಗೇ ಅಂತ ಇಟ್ಕೋ."

"ಇಟ್ಕೊಳ್ಳೋದು ಅಂದ್ರೆ? ಈಗ ತಾನೇ ಅವರ ದುಡ್ಡು ಅಂದ್ರಿ. ಕೇಳಿದ್ಮೇಲೆ ಕೇಳಿಲ್ಲ ಅನ್ನೋಕಾಗಲ್ಲ. ಕ್ಲೋವಿಸ್ ಅವರೇ ಅವರ ಊರಲ್ಲಿ ತಗೊಳ್ಲಿ. ಅವರಿಗೆ ಯಾಕೆ ಆಗಲ್ಲ? ಜೈಲಿಗೆ ಹೋಗಿ ಬಂದೋರಿಗೆ ತಾನೇ ಕೋವಿ ಮಾರೋ ಹಾಗಿಲ್ಲದಿರೋದು?"

ಮೂಟೆಗಳ ಹಿಂದೆ ಹಾಯ್ಟ್ ಕೆಮ್ಮಿದ. ನಾನು ಒಂದು ಪೊಟ್ಟಣ ಮೊಳೆ ಕೊಂಡು ಆಚೆ ಬಂದೆ.

ಹಾಯ್ಟ್ ಊರಿನ ಪ್ರತಿ ಮನೆಯ ಬಾಗಿಲಿಗೂ ಹೋಗುವವನು. ಮಾರನೆಯ ಬುಧವಾರ ಚರ್ಚಿನಲ್ಲಿ ಪ್ರಾರ್ಥನಾಕೂಟ. ನಾನು ಹೋಗಿರಲಿಲ್ಲ, ಇಮೋಜೀನ್ ಹೋಗಿದ್ದಳು. ಬಂದವಳು ಕೋಟು ಬಿಚ್ಚದೆ ನನ್ನೆದುರು ನಿಂತಳು.

"ನನ್ನ ತಮ್ಮ ಯಾವ ಜೈಲಲ್ಲಿದ್ದ, ವರ್ಲನ್?"

"ಏನು?"

"ಪಾಸ್ಟರ್ ಗ್ಯಾರೆಟ್ ಅವನ ಹೆಸರು ಹಿಡಿದು ಪ್ರಾರ್ಥನೆ ಮಾಡಿದ್ರು. ದಾರಿ ತಪ್ಪಿದವನು, ಕಾನೂನಿನ ಕಣ್ಣಿಗೆ ಬಿದ್ದವನು, ಕೋವಿ ಕೊಳ್ಳೋ ಹಕ್ಕು ಕಳ್ಕೊಂಡೋನು, ಅವನನ್ನ ಕೈಬಿಡಬೇಡ ದೇವರೇ ಅಂತ. ಹಿಂದಿನ ಸಾಲಲ್ಲಿ ಇಬ್ಬರು ಅತ್ತರು. ಆಚೆ ಬಂದ್ಮೇಲೆ ಮಾರ್ವೆಲಾ ಅವರಮ್ಮ ನನ್ನ ಕೈ ಹಿಡ್ಕೊಂಡು, ನಾವೆಲ್ಲ ಇದೀವಿ ಧೈರ್ಯವಾಗಿರು ಅಂದ್ರು. ಅವನು ಹೊತ್ತು ಮೀರಿ ಪಾರ್ಕಿಂಗ್‌ನಲ್ಲಿ ಕಾರು ನಿಲ್ಲಿಸಿದವನೂ ಅಲ್ಲ ಕಣಯ್ಯ."

ಎಲ್ಲವನ್ನೂ ಹೇಳಿದೆ. ಅವಳು ಕುರ್ಚಿ ಎಳೆದುಕೊಂಡು ಕೂತಳು. ನಗು ತಡೆದುಕೊಂಡದ್ದರಿಂದ ಭುಜ ಕುಲುಕುತ್ತಿತ್ತು, ಆದರೆ ಮುಖದಲ್ಲಿ ದಯೆ ಇರಲಿಲ್ಲ.

"ನಾಳೆ ಹೋಗಿ ನಿನ್ನ ಹೆಸರಲ್ಲಿ ನಿನಗೆ ಅಂತ ಒಂದು ಕೋವಿ ತಗೋ. ಭುಜಕ್ಕೆ ಒಗ್ಗೋದು. ಆಮೇಲೆ ಟ್ರುಯಿಟ್‌ಗೂ ಡೆಲ್ಮರ್‌ಗೂ ನೀನೇ ಬಾಯ್ಬಿಟ್ಟು ಹೇಳು. ಅದಾದ್ಮೇಲೆ ಪಾಸ್ಟರ್‌ಗೂ ಹೇಳು."

"ಹೇಳ್ತೀನಿ."

"ಕ್ಲೋವಿಸ್‌ಗೆ ನಾನು ಫೋನ್ ಮಾಡ್ತೀನಿ. ಯಾರಾದ್ರೂ ಬೈಬಲ್ ಕಳಿಸಿದ್ರೆ ಗಾಬರಿ ಬೀಳ್ಬಾರ್ದಲ್ಲ."

ಮತ್ತೆ ಮಾರ್ವೆಲಾಳ ಮುಂದೆ ನಿಲ್ಲಲು ಮುಖವಿರಲಿಲ್ಲ. ಪೈನ್ ಬ್ಲಫ್ ಕಡೆಯ ಹೆದ್ದಾರಿಯ ಪಕ್ಕ ಒಂದು ದೊಡ್ಡ ಅಂಗಡಿಯಿದೆ, ಅಲ್ಲಿ ನನ್ನನ್ನು ಬಲ್ಲವರಿಲ್ಲ. ಅಲ್ಲಿಗೆ ಹೋದೆ. ಕೌಂಟರಿನ ಹಿಂದಿದ್ದ ದಪ್ಪ ಮೀಸೆಯ ಮನುಷ್ಯನಿಗೆ ಭುಜದ ಕತೆ ಹೇಳಿದೆ, ನನ್ನ ಜೇಬಿನ ಶಕ್ತಿಯನ್ನೂ ಹೇಳಿದೆ. ಅವನು ಎರಡು ಕೋವಿಗಳನ್ನು ಮುಂದಿಟ್ಟ.

ಒಂದು ಯಾರೋ ಬಳಸಿ ಬಿಟ್ಟ ಭಾರದ ಜಾತಿಯದು. ಮೈತುಂಬ ಜೊಂಡುಹುಲ್ಲಿನ ಚಿತ್ತಾರ, ಹೊಟ್ಟೆ ಬಂದ ಹಾಗಿದ್ದ ಹಿಡಿ. ಎತ್ತಿ ಭುಜಕ್ಕಿಟ್ಟರೆ ನೆಂಟರ ಮಗುವನ್ನು ಎತ್ತಿಕೊಂಡ ಹಾಗಿತ್ತು. ಇನ್ನೊಂದು ಹೊಸದು, ಟರ್ಕಿಯದು, ಸ್ಪ್ರಿಂಗಿನ ಜಾತಿ. ಕಪ್ಪಗೆ, ತೆಳ್ಳಗೆ, ಹಗುರ. ನಳಿಗೆಯ ಕೆಳಗಿನ ಹಿಡಿಯ ಮೇಲೆ ಸುತ್ತಲೂ ಗೀರುಗಳು. ಥೇಟ್ ನನ್ನ ಪಂಪಿನ ಹಿಡಿಯ ಹಾಗೆ. ನಾಲ್ಕು ಹೆಜ್ಜೆ ದೂರದಿಂದ ನೋಡಿದರೆ ಎರಡಕ್ಕೂ ಒಂದೇ ತಾಯಿ ಎನ್ನಬೇಕು.

ನನ್ನ ತಲೆಯಲ್ಲಿ ಆ ಗಳಿಗೆಯಲ್ಲಿ ಹುಟ್ಟಿದ ಯೋಚನೆಯನ್ನು ಯೋಚನೆ ಎಂದು ಕರೆಯಲು ನಾಚಿಕೆಯಾಗುತ್ತದೆ. ಬೆಳಗಿನ ಮಬ್ಬು, ಮೂವರ ಗಡಿಬಿಡಿ, ಹೊಗೆ. ಹೊಡೆದಾದ ಮೇಲೆ ಎಡಗೈಯನ್ನು ಸುಮ್ಮನೆ ಹಿಂದೆ ಮುಂದೆ ಆಡಿಸಿದರೆ ಯಾರಿಗೆ ಗೊತ್ತಾಗುತ್ತದೆ?

"ಇದು," ಎಂದೆ.

ಮೀಸೆಯವನು ನಿಧಾನವಾಗಿ ಕೇಳಿದ. "ಭುಜದ ಆಪರೇಷನ್ ಆಗಿದೆ ಅಂದ್ರಿ ಅಲ್ವಾ?"

"ಅಂದೆ."

"ಈ ಹಗೂರದ್ದು ಒದೆಯುತ್ತೆ ಸಾರ್. ನೀವು ಕೇಳಿದ್ದಕ್ಕೆ ಭಾರದ್ದೇ ಸರಿ. ಬೆಲೆನೂ ಹೆಚ್ಚುಕಮ್ಮಿ ಅಷ್ಟೇ."

"ಒದೆಯೋದಾದ್ರೆ ಒದೀಲಿ. ನಾನು ಹತ್ತಿಯಿಂದ ಮಾಡಿದವನಲ್ಲ."

ಅವನು ಅರ್ಜಿ ತೆಗೆದು ನನ್ನ ಮುಂದಿಟ್ಟ. ಇದು ನಿಮಗಾಗಿಯೇ ತಾನೆ ಎಂದು ಅರ್ಜಿಯಲ್ಲಿ ಕೇಳಿದ್ದಕ್ಕೆ ಹೌದು ಎಂದು ಗುರುತು ಹಾಕಿದೆ. ಆ ವಾರದಲ್ಲಿ ನಾನು ಕೊಟ್ಟ ಒಂದೇ ಒಂದು ನಿಜವಾದ ಉತ್ತರ ಅದು.

ಹೊಸ ಕೋವಿಯನ್ನು ಬೇಟೆಗೆ ಒಯ್ಯುವ ಮೊದಲು ನಾಲ್ಕು ಈಡು ಹೊಡೆದು ಪಳಗಿಸಬೇಕು. ನಾನು ಒಂದನ್ನೂ ಹೊಡೆಯಲಿಲ್ಲ. ಹೊಡೆದರೆ ಅಕ್ಕಪಕ್ಕದವರಿಗೆ ಕೇಳಿಸುತ್ತದಲ್ಲ. ಅದರ ಬದಲು ಮನೆಯ ಹಿಂದಿನ ಷೆಡ್ಡಿನಲ್ಲಿ ಖಾಲಿ ಕೋವಿ ಹಿಡಿದು ಎಡಗೈ ಜಾರಿಸುವುದನ್ನು ಅಭ್ಯಾಸ ಮಾಡಿದೆ. ಕೈ ಸರಿಯಾಗಿ ಆಡುತ್ತಿತ್ತು, ಆದರೆ ಚಕ್ ಚಕ್ ಸದ್ದಿಲ್ಲ. ಮೂವತ್ತು ವರ್ಷ ಬಾತುಗಳನ್ನು ಕರೆಯುವ ಸೀಟಿ ಊದಿದ ನಾಲಗೆ ನನ್ನದು. ಸ್ವಲ್ಪ ಪ್ರಯತ್ನಿಸಿದ ಮೇಲೆ ಸದ್ದು ಬಾಯಿಂದ ಚೆನ್ನಾಗಿಯೇ ಬಂತು.

ಬೇಟೆಯ ಮೊದಲ ಶನಿವಾರ ಟ್ರುಯಿಟ್‌ನ ಗದ್ದೆಗೆ ಹೋದೆವು. ನೀರಿನ ಮೇಲೆ ತೆಳುವಾಗಿ ಮಂಜು ಕಟ್ಟಿತ್ತು. ಗೊಂಬೆ ಬಾತುಗಳನ್ನು ತೇಲಿಬಿಟ್ಟು ಮರೆಗುಂಡಿಗಿಳಿದೆವು. ಕೋವಿಯನ್ನು ಕಂಬಳಿಯಲ್ಲಿ ಸುತ್ತಿ ತಂದಿದ್ದೆ. ಚಳಿಗೆ ಎಣ್ಣೆ ಗಟ್ಟಿಯಾಗುತ್ತದೆ ಎಂದು ಕಾರಣ ಹೇಳಿದೆ, ಯಾರೂ ಕೇಳಿರಲಿಲ್ಲ. ಡೆಲ್ಮರ್ ಒಲೆ ಹಚ್ಚಿ ಸಾಸೇಜ್ ಹುರಿದು, ನಮ್ಮ ಕಡೆಯ ಬನ್ನಿನಂಥ ಮೆತ್ತನೆ ಬಿಸ್ಕತ್ತಿನ ನಡುವೆ ಇಟ್ಟು ಕೊಟ್ಟ. ಡಂಪ್ಲಿಂಗ್ ನನ್ನ ಬೂಟಿನ ಮೇಲೆ ಗದ್ದ ಊರಿತು. ಆ ಹೊತ್ತಿನಲ್ಲಿ ಹೇಳಿಬಿಡಬಹುದಿತ್ತು. ಬಾಯಿ ತೆರೆದೆ, ಬಿಸ್ಕತ್ತು ಇಟ್ಟುಕೊಂಡೆ.

ಕಾನೂನು ಹೊಡೆಯಲು ಬಿಡುವ ಹೊತ್ತಾಗಿ ಸ್ವಲ್ಪ ಬೆಳಕು ಬಂದಿತ್ತು. ಬಾತುಗಳ ಒಂದು ಗುಂಪು ಸುತ್ತು ಹಾಕಿ, ರೆಕ್ಕೆ ಬಾಗಿಸಿ, ಕಾಲು ಚಾಚಿ ಇಳಿಯತೊಡಗಿತು.

"ಈಗ," ಎಂದ ಟ್ರುಯಿಟ್.

ಮೂವರೂ ಎದ್ದೆವು. ನಾನು ಹೊಡೆದೆ. ಭುಜದ ಮೇಲೆ ಯಾರೋ ಬಾಗಿಲನ್ನು ಬಡಿದು ಮುಚ್ಚಿದ ಹಾಗಾಯಿತು. ಕಣ್ಣಲ್ಲಿ ನೀರು ಬಂತು. ಆದರೂ ಅಭ್ಯಾಸ ಬಿಡಲಿಲ್ಲ. ಎಡಗೈ ಹಿಂದೆ ಮುಂದೆ ಆಡಿಸಿ, ಬಾಯಲ್ಲಿ ಚಕ್ ಚಕ್ ಎಂದು, ಎರಡನೆಯದು ಹೊಡೆದೆ. ಮತ್ತೆ ಕೈ, ಮತ್ತೆ ಬಾಯಿ, ಮತ್ತೆ ಈಡು. ಅಷ್ಟರಲ್ಲಿ ಉಳಿದಿಬ್ಬರು ಹೊಡೆಯುವುದನ್ನು ನಿಲ್ಲಿಸಿದ್ದರು. ಹಾಗಾಗಿ ಮೂರನೆಯ ಚಕ್ ಚಕ್ ಗದ್ದೆಯ ಮೌನದಲ್ಲಿ ಬಹಳ ಸ್ಪಷ್ಟವಾಗಿ ಕೇಳಿಸಿತು. ಕಾನೂನಿನ ಪ್ರಕಾರ ಕೋವಿಯಲ್ಲಿ ಮೂರೇ ತೋಟೆ ಇರಬೇಕು. ಮೂರೂ ಮುಗಿದಿದ್ದವು. ಮುಗಿದ ಮೇಲೂ ನಾನು ಬಾಯಲ್ಲಿ ತುಂಬುತ್ತಿದ್ದೆ.

ಟ್ರುಯಿಟ್ ನನ್ನ ಕಡೆ ತಿರುಗಿದ. "ವರ್ಲನ್, ನಿನ್ನ ಕೋವಿ ಈಗ ಬಾಯಿಂದ ಲೋಡಾಗುತ್ತಾ?"

ಕೋವಿಯನ್ನು ಮೂಲೆಗೆ ಒರಗಿಸಿ, ಬಲಗೈಯನ್ನು ಹೊಟ್ಟೆಗೆ ಒತ್ತಿಕೊಂಡು ಬೆಂಚಿನ ಮೇಲೆ ಕುಸಿದೆ. ಡೆಲ್ಮರ್ ಹೆದರಿದ. ಹೃದಯಕ್ಕೆ ಏನೋ ಆಯಿತೆಂದು ನನ್ನ ಕೋಟಿನ ಗುಂಡಿ ಕೀಳತೊಡಗಿದ. ಅಂಗಿಯ ಕೊರಳು ಸರಿದಾಗ ಆಪರೇಷನ್ನಿನ ಗಾಯದ ಗುರುತು ಕಾಣಿಸಿತು.

"ಇದೇನಿದು?"

"ಭುಜ. ಬೇಸಿಗೇಲಿ ಮಾಡಿಸ್ದೆ."

"ನಮಗ್ಯಾಕೆ ಹೇಳ್ಲಿಲ್ಲ?"

ಟ್ರುಯಿಟ್ ಕೋವಿಯನ್ನು ಎತ್ತಿಕೊಂಡು, ತೆರೆದು ನೋಡಿ, ಆ ಗೀರು ಗೀರಿನ ಹಿಡಿಯನ್ನು ಹಿಂದಕ್ಕೆಳೆಯಲು ನೋಡಿದ. ಅದು ಅಲುಗಲಿಲ್ಲ. ವಿಷಯ ಅವನಿಗೆ ನಿಧಾನವಾಗಿ ಹೊಳೆಯಿತು. "ಸೆಮಿ ಆಟೋಮ್ಯಾಟಿಕ್ಕು," ಎಂದ. "ಡೆಲ್ಮರ್, ಇದು ಸೆಮಿ ಆಟೋಮ್ಯಾಟಿಕ್ಕು. ನಮ್ಮ ಸ್ವಾಮಿಗಳು ಸೆಮಿ ಆಟೋಮ್ಯಾಟಿಕ್ ತಂದವ್ರೆ." ಆಮೇಲೆ ಇಬ್ಬರೂ ನಕ್ಕರು. ಡೆಲ್ಮರ್ ನಗುತ್ತ ಒಲೆಯ ಮೇಲಿದ್ದ ಕಾಫಿ ಚೆಲ್ಲಿದ. ನಾಯಿ ಮಾತ್ರ ನಗಲಿಲ್ಲ. ನೀರಿನ ಕಡೆ ನೋಡಿತು, ನನ್ನ ಕಡೆ ನೋಡಿತು. ನಾನು ಹೊಡೆದ ದಿಕ್ಕಿನಲ್ಲಿ ಹೆಕ್ಕಲು ಏನೂ ಇರಲಿಲ್ಲ.

ನಗು ಇಳಿದ ಮೇಲೆ ಟ್ರುಯಿಟ್ ಪಕ್ಕದಲ್ಲಿ ಕೂತ. "ಭುಜ ಹೋಗಿದೆ ಅಂತ ಹೇಳೋಕೆ ಏನಾಗಿತ್ತು ನಿಂಗೆ?"

ಡೆಲ್ಮರನ ಒಲೆಯ ಕಡೆ ಕೈ ತೋರಿಸಿದೆ. "ಗಾರ್ಲಂಡ್‌ನ ಜಾಗ ಅದು. ಒಂದು ವರ್ಷ ಬರ್ಲಿಲ್ಲ, ಅಷ್ಟೆ."

ಟ್ರುಯಿಟ್ ಒಲೆಯ ಕಡೆ ನೋಡಿದ. "ನಾವು ಬಿಟ್ಟಿದ್ದು ಅಂದ್ಕೊಂಡಿದೀಯಾ? ಎರಡು ವರ್ಷ ಫೋನ್ ಮಾಡ್ದೆ ಕಣೋ. ಎತ್ತಲಿಲ್ಲ. ಮನೆಗೂ ಹೋದೆ. ಬಾಗಿಲಲ್ಲೇ ನಿಂತ್ಕೊಂಡು, ಬೇರೆ ಕೆಲಸ ಇದೆ ಅಂದ. ಕಣ್ಣಿನ ವಿಷಯ ಎತ್ತಲೇ ಇಲ್ಲ. ನಾನೂ ಎತ್ತಲಿಲ್ಲ."

"ನಂಗೆ ಗೊತ್ತಿರ್ಲಿಲ್ಲ."

"ನೀನು ಕೇಳಿದ್ರೆ ತಾನೆ. ನೀನು ಆಗ ಪಂಪಿನ ಮಹಿಮೆ ಹೇಳ್ತಿದ್ದೆ."

ಅದು ನಿಜವಿತ್ತು. ಕೈಗವಸು ಸರಿಮಾಡಿಕೊಂಡೆ.

"ಗುರಿ ನೋಡಿ ಯಾರನ್ನೂ ಇಲ್ಲಿ ಇಟ್ಕೊಂಡಿಲ್ಲ," ಎಂದ ಡೆಲ್ಮರ್, ಕಾಫಿ ಮತ್ತೆ ಕಾಯಲು ಇಡುತ್ತ. "ಹಾಗಿದ್ರೆ ನಿನ್ನ ಯಾವತ್ತೋ ಕಳಿಸ್ತಿದ್ವಿ."

ಟ್ರುಯಿಟ್ ನನ್ನ ಕೋವಿಯನ್ನು ಇನ್ನೂ ಕೈಯಲ್ಲೇ ಹಿಡಿದಿದ್ದ. ಎತ್ತಿ ಭುಜಕ್ಕಿಟ್ಟ, ಇಳಿಸಿದ, ಮತ್ತೆ ಇಟ್ಟ. ಅವನ ಭುಜವೆಂದರೆ ಭತ್ತದ ಮೂಟೆ ಹೊತ್ತು ಹೊತ್ತು ಕಲ್ಲಾದದ್ದು. "ಹಗೂರ ಇದೆ," ಎಂದ. "ಹೆಬ್ಬಾತಿನ ಹಿಂದೆ ಬದು ಮೇಲೆ ಮೈಲಿಗಟ್ಟಲೆ ನಡೀವಾಗ ನನ್ನ ಕೋವಿ ಹೊತ್ತು ಹೊತ್ತು ಕೈ ಬಿದ್ದುಹೋಗುತ್ತೆ. ಇಂಥದೊಂದು ತಗೋಬೇಕು ಅಂತಾನೇ ಇದ್ದೆ."

ತನ್ನ ಕೋವಿಯನ್ನು ನನ್ನ ಮಡಿಲಿಗಿಟ್ಟ. ಹೊಗೆಯ ಒತ್ತಡದ ಜಾತಿ, ಬಣ್ಣ ಹೋದದ್ದು, ಭಾರ.

"ಇದ್ರಲ್ಲಿ ಒಂದು ಹೊಡೆದು ನೋಡು. ನೋವಾದ್ರೆ ಬೇಡ."

ಬಿಸಿಲು ಬಿದ್ದು ಬಹಳ ಹೊತ್ತಾದ ಮೇಲೆ, ಉಳಿದವರಿಬ್ಬರೂ ಬೇಕೆಂದೇ ಕೂತೇ ಇದ್ದಾಗ, ಒಂಟಿ ಬಾತೊಂದು ನೀರಿನ ಮೇಲೆ ತಗ್ಗಾಗಿ ಬಂತು. ಎದ್ದು ಹೊಡೆದೆ. ಕೋವಿ ಭುಜವನ್ನು ಹಿಂದಕ್ಕೆ ನೂಕಿತು, ಅಷ್ಟೆ. ಬಾತು ಬೀಳಲಿಲ್ಲ. ಎರಡನೆಯದಕ್ಕೆ ಬಿತ್ತು. ನಡುವೆ ನನ್ನ ಎಡಗೈ ಅಭ್ಯಾಸಬಲದಿಂದ ಒಮ್ಮೆ ಜಾರಿತು. ಬಾಯಿ ಮಾತ್ರ ಸುಮ್ಮನಿತ್ತು. ಡಂಪ್ಲಿಂಗ್ ಈಜಿ ಹೋಗಿ ತಂದು, ಸ್ವಲ್ಪ ಅನುಮಾನದಿಂದ, ನನ್ನ ಕೈಗೇ ಕೊಟ್ಟಿತು.

ಅಲ್ಲಿಯೇ ಅದಲುಬದಲು ಮಾಡಿಕೊಂಡೆವು. ಟ್ರುಯಿಟ್ ತನಗೆ ಹೊಸದು ಸಿಕ್ಕಿತೆಂದು ಖುಷಿಪಟ್ಟ. ಅವನು ನನ್ನ ಮೇಲೆ ದಯೆ ತೋರಿಸಿದನೋ, ನಿಜವಾಗಿಯೂ ಅವನಿಗೆ ಅದು ಬೇಕಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಿದರೆ ಬೈಯುತ್ತಾನೆ.

ಸೋಮವಾರದಿಂದ ಅಂಗಡಿಯಲ್ಲಿ ನನ್ನ ಪಾಡು ಹೇಳುವುದು ಬೇಡ. ಕೂತವರೆಲ್ಲ ಕನ್ನಡಿಯಲ್ಲಿ ನನ್ನ ಮುಖ ನೋಡಿಕೊಂಡು ಚಕ್ ಚಕ್ ಎನ್ನುತ್ತಿದ್ದರು. ಪಾದ್ರಿ ಗ್ಯಾರೆಟ್ ಮುಂದಿನ ಬುಧವಾರ ಕ್ಲೋವಿಸ್‌ನ ಹೆಸರು ತೆಗೆದು ನನ್ನ ಹೆಸರು ಸೇರಿಸಿದರು. ಭುಜಕ್ಕಾಗಿ ಎಂದು ಹೇಳಿದರಂತೆ, ಜನ ಬೇರೆ ಅರ್ಥ ಮಾಡಿಕೊಂಡರು. ಆ ವಾರ ಒಂದು ಮಧ್ಯಾಹ್ನ ಅಂಗಡಿ ಮುಚ್ಚಿ ಗಾರ್ಲಂಡ್‌ನ ಮನೆಗೆ ಹೋದೆ. ಕೂದಲು ಕತ್ತರಿಸಲು ಬಂದಿದ್ದೇನೆ ಎಂದೆ. ಬಾಗಿಲು ತೆರೆದ. ಕಣ್ಣಿನ ಮಾತು ಅವನು ಎತ್ತಲಿಲ್ಲ, ನನ್ನ ಭುಜದ ಮಾತನ್ನು ನಾನೇ ಎತ್ತಿದೆ. ಬಾಯಿಂದ ಕೋವಿ ತುಂಬಿದ್ದು ಹೇಳಿದಾಗ ಕೊರಳಿನ ಬಟ್ಟೆಯ ಒಳಗೇ ನಕ್ಕ. ಬರುತ್ತೀಯಾ ಎಂದರೆ ನೋಡೋಣ ಎಂದ. ಇನ್ನೂ ಬಂದಿಲ್ಲ.

ಆ ಮೊದಲ ದಿನದ ಬಾತಿನ ವಿಷಯ ಒಂದು ಉಳಿಯಿತು. ಬೆಳಕಿನಲ್ಲಿ ನೋಡಿದರೆ ಅದು ಸಟ್ಟುಗದ ಹಾಗೆ ಅಗಲ ಕೊಕ್ಕಿನ ಬಾತು. ನಮ್ಮ ಕಡೆ ಅದನ್ನು ಹೊಡೆದವರು ಸಾಮಾನ್ಯವಾಗಿ ಹೇಳಿಕೊಳ್ಳುವುದಿಲ್ಲ, ಮಾಂಸ ಕೆಸರು ನಾರುತ್ತದೆ. ಯಾರಿಗಾದರೂ ಕೊಟ್ಟುಬಿಡು ಎಂದೆ. ಇಮೋಜೀನ್ ಒಪ್ಪಲಿಲ್ಲ. "ಇದಕ್ಕಾಗಿ ನನ್ನ ತಮ್ಮ ಜೈಲಿಗೆ ಹೋಗಿ ಬಂದಿದಾನೆ," ಎಂದಳು.

ಈರುಳ್ಳಿ, ಬೆಳ್ಳುಳ್ಳಿ, ದಪ್ಪ ಮೆಣಸಿನಕಾಯಿ, ಹಂದಿಯ ಸಾಸೇಜ್ ಎಲ್ಲ ಹಾಕಿ ಮಧ್ಯಾಹ್ನವೆಲ್ಲ ಬೇಯಿಸಿದಳು. ಅನ್ನದ ಮೇಲೆ ಸುರಿದುಕೊಂಡು ಎದುರುಬದುರು ಕೂತು ತಿಂದೆವು. ಅವಳು ಎರಡನೆಯ ತುತ್ತಿಗೆ ನೀರು ಕುಡಿದಳು.

"ಹೇಗಿದೆ?" ಎಂದೆ.

"ಸಾಸೇಜ್ ಚೆನ್ನಾಗಿದೆ," ಎಂದಳು.